ಕಲಬುರಗಿಯ ಪತ್ರಾ ಶೆಡ್ಡಿನಲ್ಲಿ ಹಳೇ ಝೆನ್‌ಗೆ ಪಂಜರ ಕಟ್ಟಿದ್ದು

ರ‍್ಯಾಲಿಗೆ, ಅಂದರೆ ಮಣ್ಣಿನ ದಾರಿಯ ಕಾರು ಸ್ಪರ್ಧೆಗೆ ಅಂತ ಕೊಂಡ ಹಳೇ ಮಾರುತಿ ಝೆನ್ ಮನೆಗೆ ಬಂದ ದಿನ ನಾನು ಬಾನೆಟ್ ಎತ್ತಲಿಲ್ಲ. ನಾಲ್ಕೂ ಮೂಲೆಗೆ ಸ್ಟ್ಯಾಂಡ್ ಕೊಟ್ಟು, ಒಂದು ದಪ್ಪ ಸ್ಕ್ರೂಡ್ರೈವರ್ ಹಿಡಿದು ಗಾಡಿ ಕೆಳಗೆ ಮಲಗಿದೆ. ಫ್ಲೋರಿನ ತಗಡು, ಬ್ಯಾಟರಿ ಕೂರುವ ಜಾಗ, ಮುಂದಿನ ಶಾಕರ್ ಮೇಲ್ತುದಿ ಕೂರುವ ಸ್ಟ್ರಟ್ ಟವರ್, ಹಿಂದಿನ ಶಾಕರ್ ಕೂರುವ ಬಟ್ಟಲು, ಎಲ್ಲಾ ಕಡೆ ಹಿಡಿಯಿಂದ ಕುಟ್ಟಿ, ತುದಿಯಿಂದ ಚುಚ್ಚಿ ನೋಡಿದೆ. ಗಟ್ಟಿ ತಗಡು ಟಣ್ ಅನ್ನುತ್ತದೆ. ತುಕ್ಕು ತಿಂದಿದ್ದು ಥಪ್ ಅನ್ನುತ್ತದೆ. ಬ್ಯಾಟರಿ ಕೆಳಗೆ ಅಂಗೈ ಅಗಲ ಜಾಗ ಬಿಟ್ಟರೆ ಇಡೀ ಗಾಡಿ ಟಣ್ ಅಂದಿತು. ನಮ್ಮ ಕಡೆ ಬಿಸಿಲು ಮನುಷ್ಯರನ್ನು ಸುಡುತ್ತದೆ, ಆದರೆ ಗಾಡಿ ತಗಡನ್ನು ಕಾಯುತ್ತದೆ. ಅದಕ್ಕೇ ಕರಾವಳಿ ಕಡೆ ಓಡಿದ ಚಂದದ ಗಾಡಿ ಬಿಟ್ಟು, ಪೇಂಟ್ ಮಾಸಿದ ಈ ಕೆಎ-32 ಗಾಡಿಯನ್ನು 38 ಸಾವಿರ ಕೊಟ್ಟು ತಗೊಂಡೆ.

1998ರ ಮಾಡೆಲ್, ಕಾರ್ಬ್ಯುರೇಟರ್ ಇರುವ ಝೆನ್. 993 ಸಿಸಿ, ನಾಲ್ಕು ಸಿಲಿಂಡರ್, ಹೊಸದಿದ್ದಾಗ 50 ಬಿಎಚ್‌ಪಿ. ಇಷ್ಟರಲ್ಲಿ ಏನು ರ‍್ಯಾಲಿ ಅಂತ ಕೇಳುವವರಿದ್ದಾರೆ. ಗಾಡಿ 800 ಕೆಜಿ ಕೂಡ ಇಲ್ಲ, ಸ್ಟೇರಿಂಗ್ ತಿರುಗಿಸಿದ ಕೂಡಲೇ ಮೂತಿ ತಿರುಗುತ್ತದೆ, ಇನ್ನೇನು ಬೇಕು? ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಗೆಳೆಯರ ಟೀಮಿಗೆ ಸರ್ವಿಸ್ ಮಾಡಲು ಚಿಕ್ಕಮಗಳೂರು ಕಡೆ ಹೋಗುತ್ತಿದ್ದೆ. ಕಾಫಿ ತೋಟದ ದಾರಿಗಳಲ್ಲಿ ಸ್ಟೇಜ್, ಅಂದರೆ ರ‍್ಯಾಲಿಯ ಒಂದು ಹಂತ, ಮುಗಿಸಿ ಬಂದ ಗಾಡಿಗಳ ಕೆಳಗೆ ಮಲಗಿ ಮಲಗಿ ಒಂದು ವಿಷಯ ತಲೆಯಲ್ಲಿ ಕೂತಿತು. ಎಂಜಿನ್‌ಗೆ ಶಕ್ತಿ ಸಾಲದೆ ನಿಂತ ಗಾಡಿ ನಾನು ನೋಡಲಿಲ್ಲ. ಎಂಜಿನ್ ಎಣ್ಣೆ ನಿಲ್ಲುವ ಸಂಪ್ ಒಡೆದದ್ದು, ಶಾಕರ್ ಮೇಲಿನ ತಗಡು ಹರಿದದ್ದು, ರೇಡಿಯೇಟರ್ ಸೋರಿದ್ದು, ಬ್ರೇಕ್ ಪೈಪ್ ಕಲ್ಲಿಗೆ ಚಪ್ಪಟೆಯಾದದ್ದು, ಇವೇ ಜಾಸ್ತಿ. ಹಾಗಾಗಿ ಈ ಗಾಡಿಗೆ ಕೈ ಹಾಕುವ ಮೊದಲೇ ಲೆಕ್ಕ ಹಾಕಿಕೊಂಡಿದ್ದೆ. ಮೊದಲ ದುಡ್ಡು ಒಳಗೆ ಕೂತವರ ಜೀವಕ್ಕೆ. ಆಮೇಲೆ ಗಾಡಿ ಕೊನೆವರೆಗೆ ಮುಟ್ಟುವುದಕ್ಕೆ. ಎಂಜಿನ್‌ಗೆ ಏನಾದರೂ ಉಳಿದರೆ.

ನಾನು ಕಪನೂರ ಕಡೆ ಒಂದು ದಾಲ್ ಮಿಲ್‌ನಲ್ಲಿ ಮೆಂಟೇನೆನ್ಸ್ ನೋಡಿಕೊಳ್ಳುತ್ತೇನೆ. ಬೇರಿಂಗ್, ಬೆಲ್ಟ್, ಎಲಿವೇಟರ್, ಹಾಪರ್ ವೆಲ್ಡಿಂಗ್ ದಿನದ ಕೆಲಸ. ಮನೆ ಹಿಂದೆ ಪತ್ರಾ ಶೆಡ್ ಇದೆ, ನೆಲಕ್ಕೆ ಶಹಾಬಾದ್ ಕಲ್ಲು. ಈ ನೆಲ ದೊಡ್ಡ ಉಪಕಾರ ಮಾಡಿತು, ಸಪಾಟಾದ ನೆಲ ಇಲ್ಲದೆ ಗಾಡಿಯೊಳಗಿನ ಪೈಪಿನ ಪಂಜರ ನೆಟ್ಟಗೆ ಕಟ್ಟಲು ಆಗುವುದಿಲ್ಲ.

ಬಿಚ್ಚುವ ಕೆಲಸ ಜನವರಿಯಲ್ಲಿ ಶುರು ಮಾಡಿದೆ. ಸೀಟು, ಕಾರ್ಪೆಟ್, ಮೇಲಿನ ಬಟ್ಟೆ, ಬಾಗಿಲ ಪ್ಯಾಡ್ ಎಲ್ಲ ಎರಡು ದಿನದಲ್ಲಿ ಹೊರಗೆ ಬಂದವು. ಫ್ಲೋರಿಗೆ ಅಂಟಿದ ಡಾಂಬರಿನ ಹಾಳೆ ಮಾತ್ರ ಪ್ರಾಣ ತಿಂದಿತು. ಸದ್ದು ತಡೆಯಲು ಕಂಪನಿಯವರು ಹಾಕುವ ಹಾಳೆ ಅದು, ಬಿಸಿಲೇರಿದ ಮೇಲೆ ಪಾಕದ ಹಾಗೆ ಉಳಿಗೆ ಸುತ್ತಿಕೊಳ್ಳುತ್ತದೆ. ಬೆಳಗಿನ ಐದಕ್ಕೆ ಎದ್ದು, ಥಂಡಿ ಇರುವಾಗಲೇ, ಅದರ ಮೇಲೆ ಐಸ್ ಗಡ್ಡೆ ಇಟ್ಟು ಕಾದು ಸುತ್ತಿಗೆಯಿಂದ ತಟ್ಟಿದರೆ ಹಪ್ಪಳದ ಹಾಗೆ ಮುರಿದು ಏಳುತ್ತದೆ. ಕಿತ್ತಿದ್ದೆಲ್ಲವನ್ನೂ ಚೀಲಕ್ಕೆ ತುಂಬಿ ಮಿಲ್‌ನ ಕಾಟಾ ಮೇಲೆ ಇಟ್ಟೆ. ಸೀಟು ಸೇರಿ 71 ಕೆಜಿ. ಈ ಅಂಕಿ ಗೋಡೆ ಮೇಲೆ ಬರೆದೆ, ಏಕೆಂದರೆ ಪಂಜರ ಹಾಕಿದಾಗ ಎಷ್ಟು ಭಾರ ವಾಪಸ್ ಬರುತ್ತದೆ ಅಂತ ಗೊತ್ತಿರಬೇಕಲ್ವಾ.

ಇನ್ನು ಪಂಜರ. ರೋಲ್ ಕೇಜ್ ಅಂದರೆ ಗಾಡಿ ಪಲ್ಟಿಯಾದಾಗ ಚಾವಣಿ ತಲೆ ಮೇಲೆ ಕೂರದ ಹಾಗೆ ತಡೆಯುವ ಪೈಪಿನ ಚೌಕಟ್ಟು. ನೋಡಲು ಪೈಪ್ ಕೆಲಸ, ಆದರೆ ಮಾಪು ತಪ್ಪಿದರೆ ಅದೇ ಪೈಪು ಎದೆಗೆ ಬರುತ್ತದೆ. ಅಂತರರಾಷ್ಟ್ರೀಯ ಮೋಟಾರ್ ಸ್ಪರ್ಧೆಗಳನ್ನು ನೋಡಿಕೊಳ್ಳುವ ಎಫ್‌ಐಎ ಸಂಸ್ಥೆಯ ನಿಯಮ ಸ್ಪಷ್ಟವಾಗಿದೆ. ಸೀಟಿನ ಹಿಂದೆ ನಿಲ್ಲುವ ಮುಖ್ಯ ಕಮಾನು 45 ಎಂಎಂ ವ್ಯಾಸ, 2.5 ಎಂಎಂ ದಪ್ಪ, ಇಲ್ಲವೇ 50 ಎಂಎಂ ವ್ಯಾಸ, 2 ಎಂಎಂ ದಪ್ಪ ಇರಬೇಕು. ಉಳಿದ ಪೈಪುಗಳಿಗೆ 38ಕ್ಕೆ 2.5 ಅಥವಾ 40ಕ್ಕೆ 2 ನಡೆಯುತ್ತದೆ. ಪೈಪು ತಣ್ಣಗೆ ಎಳೆದ ಸೀಮ್‌ಲೆಸ್, ಅಂದರೆ ಉದ್ದಕ್ಕೂ ಬೆಸುಗೆ ಇಲ್ಲದ್ದು, ಇರಬೇಕು. ಮುಖ್ಯ ಕಮಾನಿನ ನಡುವೆ ಎಲ್ಲೂ ಜೋಡಣೆ ಇರಬಾರದು.

ಮೊದಲ ಸಲ ಮೋಸ ಹೋದೆ. ಒಂದು ಅಂಗಡಿಯವರು ಸೀಮ್‌ಲೆಸ್ ಅಂತ ಹೇಳಿ ಕೊಟ್ಟ ಪೈಪನ್ನು ಬಿಲ್ ನೋಡಿ ನಂಬಿದೆ. ಕತ್ತರಿಸಿದ ಮೇಲೆ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಉದ್ದಕ್ಕೂ ದಾರ ಎಳೆದ ಹಾಗೆ ಒಂದು ಏಣು. ಅದು ತಗಡು ಸುತ್ತಿ ಬೆಸೆದ ಪೈಪು, ಕುರ್ಚಿ, ಗೇಟು ಮಾಡಲು ಸರಿ. ಬೆರಳು ಹಾಕಿದರೆ ಏಣು ಕೈಗೆ ಸಿಗುತ್ತದೆ. ಅಷ್ಟೂ ಪೈಪು ಮನೆಯ ಮೆಟ್ಟಿಲಿಗೆ ಕಟಾಂಜನವಾಯಿತು. ಆಮೇಲೆ ಹೈದರಾಬಾದಿನ ರಾಣಿಗಂಜ್‌ಗೆ ಹೋಗಿ, ಅಂಗಡಿಯಲ್ಲೇ ಎರಡೂ ತುದಿಗೆ ಬೆರಳು ಹಾಕಿ ನೋಡಿ, ವರ್ನಿಯರ್ ಅಳತೆಪಟ್ಟಿ ಹಿಡಿದು ದಪ್ಪ ಅಳೆದು ತಂದೆ. ದಯವಿಟ್ಟು ನೀವೂ ಹೀಗೇ ಮಾಡಿ. ಅಂಗಡಿಯವರು ಏನಾದರೂ ಅಂದುಕೊಳ್ಳಲಿ.

ಬಾಗಿಸುವುದು ಇನ್ನೊಂದು ಘಟ್ಟ. ಮರಳು ತುಂಬಿ ಕಾಯಿಸಿ ಬಾಗಿಸುವ ಪದ್ಧತಿ ಇಲ್ಲಿ ಬೇಡವೇ ಬೇಡ. ತಣ್ಣಗೇ ಬಾಗಿಸಬೇಕು, ಬಾಗಿನ ತ್ರಿಜ್ಯ ಪೈಪಿನ ವ್ಯಾಸದ ಮೂರು ಪಟ್ಟಾದರೂ ಇರಬೇಕು. 45 ಎಂಎಂ ಪೈಪಿಗೆ ಅಂದರೆ 135. ನಾನು ಮೊದಲು 6 ಎಂಎಂ ಸರಳನ್ನು ಗಾಡಿಯೊಳಗೆ ಕಂಬಕ್ಕೆ, ಚಾವಣಿಗೆ ಒತ್ತಿ ಒತ್ತಿ ಕಮಾನಿನ ಆಕಾರ ಮಾಡಿಕೊಂಡೆ, ಆ ಸರಳನ್ನೇ ಬಾಗಿಸುವ ಕಾರ್ಖಾನೆಗೆ ಒಯ್ದೆ. ಬಾಗಿದ ಜಾಗದಲ್ಲಿ ಪೈಪು ಸ್ವಲ್ಪ ಮೊಟ್ಟೆ ಆಕಾರ ಆಗೇ ಆಗುತ್ತದೆ. ಸಣ್ಣ ಅಳತೆಯನ್ನು ದೊಡ್ಡ ಅಳತೆಯಿಂದ ಭಾಗಿಸಿದರೆ 0.9ಕ್ಕಿಂತ ಕಡಿಮೆ ಬರಬಾರದು. ನನಗೆ 43 ಮತ್ತು 46 ಬಂತು, 0.93. ಆ ದಿನ ರಾತ್ರಿ ನೆಮ್ಮದಿಯಾಗಿ ಊಟ ಮಾಡಿದೆ.

ಕಮಾನು ಗಾಡಿಯೊಳಗೆ ನಿಂತಾಗ ಅವ್ವ ಬಾಗಿಲಲ್ಲಿ ನಿಂತು, "ಕಾರಿನೊಳಗ ಹಂದರ ಹಾಕ್ಲಾಕತ್ತಿ ಏನಪಾ?" ಅಂದಳು. ಹಂದರವೇ ಅದು. ನಾಲ್ಕು ಕಂಬ, ಮೇಲೆ ಅಡ್ಡ, ಹಿಂದೆ ಎರಡು ಆಸರೆ, ಬಾಗಿಲಿಗೆ ಅಡ್ಡಪಟ್ಟಿ.

ವೆಲ್ಡಿಂಗ್ ನನಗೆ ಬರುತ್ತದೆ ಅಂತ ನಾನು ತಿಳಿದಿದ್ದೆ. ಮಿಲ್‌ನಲ್ಲಿ ನನಗಿಂತ ಮೂವತ್ತು ವರ್ಷ ಹಿರಿಯ ವೆಲ್ಡರ್ ಚಾಚಾ ಇದ್ದಾರೆ. ಅವರು ನನ್ನ ಮೊದಲ ಜೋಡಣೆ ನೋಡಿ ಏನೂ ಹೇಳಲಿಲ್ಲ. ಎರಡು ತುಂಡು ಉಳಿಕೆ ಪೈಪು ಕೊಟ್ಟು, "ಇದು ಬೆಸೀರಿ, ನೋಡೋಣ" ಅಂದರು. ಬೆಸೆದೆ. ಅದನ್ನು ವೈಸ್‌ಗೆ ಕಚ್ಚಿಸಿ ನಾಲ್ಕು ಏಟು ಹಾಕಿದರು, ಜೋಡಣೆ ಬಿಟ್ಟುಕೊಂಡು ಬಂತು. ಬಿಟ್ಟ ಜಾಗದಲ್ಲಿ ಪೈಪಿನ ಅಂಚು ಗ್ರೈಂಡರ್ ಗೆರೆ ಸಮೇತ ಹಾಗೇ ಹೊಳೆಯುತ್ತಿತ್ತು, ಲೋಹ ಕರಗೇ ಇರಲಿಲ್ಲ. "ಮ್ಯಾಲ ಕುಂತದ, ಒಳಗ ಇಳದಿಲ್ಲ ನೋಡ್ರಿ" ಅಂದರು ಚಾಚಾ. ಮೇಲಿನಿಂದ ಮೀನಿನ ಹುರುಪೆ ಹಾಗೆ ಎಷ್ಟು ಚಂದ ಕಾಣುತ್ತಿತ್ತು ಆ ಬೆಸುಗೆ!

ಕಾರಣ ಹುಡುಕಿದರೆ ನಮ್ಮ ಓಣಿಯ ಕರೆಂಟು. ಸಂಜೆ ಎಲ್ಲರ ಮನೆಯಲ್ಲೂ ಕೂಲರ್ ಓಡುವಾಗ ವೋಲ್ಟೇಜ್ ಇಳಿಯುತ್ತದೆ. ಮಿಗ್, ಅಂದರೆ ತಂತಿ ತಾನೇ ಬಂದು ಕರಗುವ ವೆಲ್ಡಿಂಗ್ ಮೆಷಿನ್, ಉರಿಯುತ್ತದೆ, ತಂತಿ ಕರಗುತ್ತದೆ, ಆದರೆ ಶಾಖ ಸಾಲುವುದಿಲ್ಲ. ಮೀಟರ್ ಹಚ್ಚಿ ನೋಡಿದೆ, ಸಂಜೆ ಏಳಕ್ಕೆ 180, ಬೆಳಗಿನ ಐದಕ್ಕೆ 228. ಅವತ್ತಿನಿಂದ ಪಂಜರದ ವೆಲ್ಡಿಂಗ್ ಎಲ್ಲ ಬೆಳಗಿನ ಐದರಿಂದ ಎಂಟರೊಳಗೆ. ಪ್ರತಿ ದಿನ ಮೊದಲು ಒಂದು ಉಳಿಕೆ ತುಂಡು ಬೆಸೆದು, ಕತ್ತರಿಸಿ, ಚಾಚಾ ಮಾಡಿದ ಹಾಗೆ ವೈಸ್‌ನಲ್ಲಿ ಬಡಿದು, ಪೈಪು ಬಾಗಿ ಬೆಸುಗೆ ಉಳಿದರೆ ಮಾತ್ರ ಗಾಡಿಗೆ ಕೈ ಹಾಕುತ್ತಿದ್ದೆ. ಗಾಡಿಯ ಮೇಲೆ ವೆಲ್ಡ್ ಮಾಡುವ ಮೊದಲು ಬ್ಯಾಟರಿ ಮತ್ತು ಆಲ್ಟರ್ನೇಟರ್ ತಂತಿ ಬಿಚ್ಚಬೇಕು, ಪೆಟ್ರೋಲ್ ಟ್ಯಾಂಕನ್ನು ಇಳಿಸಿ ದೂರ ಇಡಬೇಕು.

ಚಾವಣಿಗೆ ಅಂಟಿಕೊಂಡ ಪೈಪಿನ ಮೇಲ್ಭಾಗ ಬೆಸೆಯುವುದು ಹೇಗೆ? ಗನ್ ಹೋಗುವಷ್ಟು ಜಾಗವೇ ಇರುವುದಿಲ್ಲ. ಬಹಳ ಜನ ಕೆಳಗಿನ ಅರ್ಧ ಬೆಸೆದು ಬಿಟ್ಟುಬಿಡುತ್ತಾರೆ, ಇದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಪಲ್ಟಿಯಲ್ಲಿ ಮೊದಲು ಏಟು ಬೀಳುವುದೇ ಆ ಮೂಲೆಗೆ. ಇದಕ್ಕೆ ಹಳೆಯ ಒಂದು ಉಪಾಯ ಇದೆ. ಪಂಜರದ ಕಾಲು ನಿಲ್ಲುವ ಜಾಗದಲ್ಲಿ ಫ್ಲೋರಿಗೆ ತೂತು ಕೊರೆದು, ಸದ್ಯಕ್ಕೆ ಹಿಡಿದಿರಲು ಅಲ್ಲಲ್ಲಿ ಚುಕ್ಕೆ ಬೆಸುಗೆ (ಟ್ಯಾಕ್) ಹಾಕಿದ ಪಂಜರವನ್ನು ಅರ್ಧ ಅಡಿ ಕೆಳಗೆ ಇಳಿಸುವುದು. ಆಗ ಚಾವಣಿಗೂ ಪೈಪಿಗೂ ನಡುವೆ ಕೈ ಆಡುತ್ತದೆ, ಸುತ್ತಲೂ ಪೂರ್ತಿ ಬೆಸೆಯಬಹುದು. ನಾನು, ಕಾಕಾನ ಮಗ, ಚಾಚಾ ಮೂವರು ಹಿಡಿದು ಇಳಿಸಿದೆವು. ನಾಲ್ಕು ಬೆಳಗು ಅಂಗಾತ ಮಲಗಿ ಬೆಸೆದೆ, ಕಿಡಿ ಕತ್ತಿನೊಳಗೆ ಬಿದ್ದ ಕಲೆ ಇನ್ನೂ ಇದೆ. ಆಮೇಲೆ ಪಂಜರ ಎತ್ತಿ, ಪ್ರತಿ ಕಾಲಿನ ಕೆಳಗೆ 3 ಎಂಎಂ ಪ್ಲೇಟ್ ಕೂರಿಸಿ, ತೂತು ಮುಚ್ಚಿ ಬೆಸೆದೆ. ಮುಖ್ಯ ಕಾಲಿನ ಪ್ಲೇಟ್ 120 ಚದರ ಸೆಂಟಿಮೀಟರ್‌ಗಿಂತ ಕಡಿಮೆ ಇರಬಾರದು. ಬರೀ ಫ್ಲೋರ್ ತಗಡಿನ ಮೇಲೆ ಕಾಲು ನಿಲ್ಲಿಸಿದರೆ ಪಲ್ಟಿಯಲ್ಲಿ ಪೈಪು ತಗಡನ್ನು ತೂತು ಮಾಡಿಕೊಂಡು ಇಳಿದುಬಿಡುತ್ತದೆ. ಎಲ್ಲಾ ಸೇರಿ ಪಂಜರದ ಭಾರ 49 ಕೆಜಿ. ಗೋಡೆ ಮೇಲಿನ 71ರ ಕೆಳಗೆ ಬರೆದೆ.

ಸೀಟು, ಬೆಲ್ಟಿನ ವಿಷಯದಲ್ಲಿ ಒಂದೇ ಮಾತು. ಸೆಕೆಂಡ್ ಹ್ಯಾಂಡ್ ಬೆಲ್ಟ್ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರ ಲೇಬಲ್ ಮೇಲೆ ಯಾವ ವರ್ಷದವರೆಗೆ ನಡೆಯುತ್ತದೆ ಅಂತ ಬರೆದಿರುತ್ತದೆ, ಅದು ದಾಟಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ನೂಲು ಬಿಸಿಲಿಗೆ ಸಾಯುತ್ತದೆ, ಮೇಲೆ ಕಾಣುವುದಿಲ್ಲ. ನಾನು ಎರಡೂ ಹೊಸ ಬೆಲ್ಟ್ ತಗೊಂಡೆ. ಕೈಗೆ ಸಿಗುವ ಕಡೆ 2 ಕೆಜಿ ಬೆಂಕಿ ಆರಿಸುವ ಸಿಲಿಂಡರ್, ಒಳಗಿಂದಲೂ ಹೊರಗಿಂದಲೂ ಒತ್ತಬಹುದಾದ ಕರೆಂಟ್ ಕಟ್ಆಫ್, ತಲೆ ತಾಗುವ ಪೈಪಿಗೆಲ್ಲ ಪ್ಯಾಡಿಂಗ್.

ಗಾಡಿಯ ಹೊಟ್ಟೆಗೆ ಬಂದರೆ ನಮ್ಮ ಜಿಲ್ಲೆ ಎರಡು ಥರ ಪರೀಕ್ಷೆ ಮಾಡುತ್ತದೆ. ಶಹಾಬಾದ್, ವಾಡಿ ಕಡೆ ಹೋದರೆ ಚೂಪು ಕಲ್ಲು. ಜೇವರ್ಗಿ ಕಡೆ ಹೋದರೆ ಎರೆ ಮಣ್ಣು. ಕಲ್ಲಿಗೆ ಅಂತ ಸಂಪಿನ ಕೆಳಗೆ 5 ಎಂಎಂ ಅಲ್ಯೂಮಿನಿಯಂ ಗಾರ್ಡ್ ಹಾಕಿ, ಬೋಲ್ಟ್ ತಲೆಗಳನ್ನು ಪ್ಲೇಟಿನೊಳಗೆ ಇಳಿಸಿದೆ, ಹೊರಗೆ ಬಿಟ್ಟರೆ ಕಲ್ಲು ತಲೆ ಹಾರಿಸುತ್ತದೆ. ಬ್ರೇಕ್ ಪೈಪನ್ನು ಫ್ಲೋರ್ ಕೆಳಗಿನಿಂದ ತೆಗೆದು ಒಳಗೆ ತಂದೆ. ಸ್ಟ್ರಟ್ ಟವರಿನ ಜೋಡಣೆಗಳಿಗೆ ಒಂದು ಇಂಚು ಬೆಸುಗೆ, ಎರಡು ಇಂಚು ಬಿಡುವು, ಹೀಗೆ ಹೊಲಿಗೆ ಹಾಕಿದೆ. ಒಂದೇ ಉಸಿರಿಗೆ ಉದ್ದಕ್ಕೂ ಬೆಸೆದರೆ ತೆಳು ತಗಡು ಸೊಟ್ಟಗಾಗುತ್ತದೆ. ಹುಡುಗರು ಗಾಡಿ ತಗ್ಗಿಸುತ್ತಾರಲ್ಲ, ಮಣ್ಣಿನ ದಾರಿಗೆ ಅದು ಪೂರ್ತಿ ಉಲ್ಟಾ. ಚಕ್ರ ಮೇಲೆ ಕೆಳಗೆ ಆಡಲು ಜಾಗ ಬೇಕು. ಸ್ಪ್ರಿಂಗ್ ಕಲ್ಲಿನ ಹಾಗಿದ್ದರೆ ಚಕ್ರ ನೆಲ ಬಿಡುತ್ತದೆ, ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುವೂ ಇಲ್ಲ.

ಎಂಜಿನ್‌ಗೆ ಮಾಡಿದ್ದು ಕಡಿಮೆ. ಕಂಪ್ರೆಶನ್, ಅಂದರೆ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಿ ಹಿಡಿಯುತ್ತದೆ ಅಂತ, ನೋಡಿದಾಗ ಮೂರು ಸಿಲಿಂಡರ್ 12ರ ಹತ್ತಿರ, ಒಂದು 8.5. ಆ ಒಂದಕ್ಕೆ ಚಮಚೆ ಎಣ್ಣೆ ಬಿಟ್ಟು ಮತ್ತೆ ನೋಡಿದೆ. ಏರಿದ್ದರೆ ರಿಂಗ್ ಸವೆದಿದೆ ಅಂತ ಅರ್ಥ, ಏರಲಿಲ್ಲ, ಅಂದರೆ ವಾಲ್ವ್. ಹೆಡ್ ಇಳಿಸಿ ವಾಲ್ವ್ ಕೂರಿಸಿದೆ, ಗ್ಯಾಸ್ಕೆಟ್ ಬದಲಿಸಿದೆ. ಇದರ ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಂ, ಒಂದು ಸಲ ಕುದಿಸಿದರೆ ಮುಗಿಯಿತು. ನಮ್ಮಲ್ಲಿ ಮೇ ತಿಂಗಳಲ್ಲಿ 43-44 ಡಿಗ್ರಿ ಇರುತ್ತದಲ್ಲ, ಹಾಗಾಗಿ ಹೊಸ ರೇಡಿಯೇಟರ್, ಫ್ಯಾನ್‌ಗೆ ಕೈ ಸ್ವಿಚ್, ಕಣ್ಣೆದುರು ಟೆಂಪರೇಚರ್ ಮೀಟರ್.

ಇಷ್ಟೆಲ್ಲ ಬದಲಾಯಿಸಿದ ಗಾಡಿ ರಿಂಗ್ ರೋಡಿನಲ್ಲಿ ಓಡಿಸುವಂಥದ್ದಲ್ಲ, ಗಾಡಿಯ ಮಾರ್ಪಾಡಿಗೆ ಮಿತಿ ಹಾಕುವ ಮೋಟಾರ್ ವಾಹನ ಕಾಯ್ದೆಯ ಸೆಕ್ಷನ್ 52 ಅದಕ್ಕೆ ಅಡ್ಡ ಬರುತ್ತದೆ. ಅದರ ಮೇಲೆ, ಹೆಲ್ಮೆಟ್ ಇಲ್ಲದೆ ಪಂಜರದೊಳಗೆ ಕೂತು ಪೇಟೆಯಲ್ಲಿ ಓಡಾಡಿದರೆ ಸಣ್ಣ ಡಿಕ್ಕಿಗೂ ತಲೆ ಪೈಪಿಗೆ ಬಡಿಯುತ್ತದೆ. ಎಲ್ಲಿಗೆ ಹೋದರೂ ಲಾರಿ ಮೇಲೆ. ಸ್ಪರ್ಧೆಗೆ ಇಳಿಯಲು ದೇಶದ ಮೋಟಾರ್ ಸ್ಪರ್ಧೆಗಳನ್ನು ನೋಡಿಕೊಳ್ಳುವ ಎಫ್‌ಎಂಎಸ್‌ಸಿಐ ಸಂಸ್ಥೆಯ ಲೈಸೆನ್ಸ್ ಬೇಕು, ಗಾಡಿಯನ್ನು ಅವರ ತಪಾಸಣೆಯವರು ನೋಡಿ ಒಪ್ಪಬೇಕು.

ಮೊದಲ ಓಟ ಜುಲೈನಲ್ಲಿ, ಮಾವನ ಹೊಲದ ಸ್ವಂತ ದಾರಿಯಲ್ಲಿ, ಮಳೆ ಬಂದು ಎರಡು ದಿನವಾಗಿತ್ತು. ಪಕ್ಕದಲ್ಲಿ ಕಾಕಾನ ಮಗ, ಮಡಿಲಲ್ಲಿ ನೋಟ್ ಬುಕ್. ಮೂರನೇ ಸುತ್ತಿಗೆ ಮೀಟರಿನ ಮುಳ್ಳು ಏರತೊಡಗಿತು. ನಿಲ್ಲಿಸಿ ಕೆಳಗೆ ಬಗ್ಗಿ ನೋಡಿದರೆ ಗಾರ್ಡಿಗೂ ಸಂಪಿಗೂ ನಡುವೆ ಎರೆ ಮಣ್ಣು ಕಣಕದ ಹಾಗೆ ಗಿಡಿದು ಕೂತಿತ್ತು, ಗಾಳಿ ಆಡಲು ಜಾಗವೇ ಇಲ್ಲ. ಕಲ್ಲಿಗೆ ಅಂತ ಹಾಕಿದ ಗಾರ್ಡ್ ಮಣ್ಣಿಗೆ ಬುಟ್ಟಿಯಾಗಿತ್ತು. ಮನೆಗೆ ತಂದು ಬಿಚ್ಚಿ, ಮಣ್ಣು ಕೆರೆದು ಕಾಟಾಕ್ಕೆ ಹಾಕಿದೆ, 11 ಕೆಜಿ. ಈಗ ಗಾರ್ಡಿನ ಹಿಂದಿನ ಅಂಚು ಎರಡು ಇಂಚು ಕೆಳಗೆ ಬಿಟ್ಟು, ಮಣ್ಣು ಜಾರಿ ಹೋಗುವ ಹಾಗೆ ಹಿಂದಕ್ಕೆ ಬಾಯಿ ತೆಗೆದ ಉದ್ದ ಸೀಳುಗಳನ್ನು ಕೊರೆಯುತ್ತಿದ್ದೇನೆ. ಮಾವನ ಹೊಲಕ್ಕೆ ಇನ್ನೊಂದು ಮಳೆ ಬೀಳಲಿ ಅಂತ ಕಾಯುತ್ತಿದ್ದೇವೆ.