ಕವಲೇದುರ್ಗದಲ್ಲಿ ಎಆರ್ ಕನ್ನಡಕ: ದೂರದ್ದು ಸುಲಭ, ಹತ್ತಿರದ್ದೇ ಕಷ್ಟ

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಕೋಟೆಯಲ್ಲಿ ಕೆಳದಿ ನಾಯಕರ ಕಾಲದ ಅರಮನೆಯ ಪಾಯ ಉಳಿದಿದೆ, ಮೇಲಿನ ಮಾಡು ಹೋಗಿದೆ. ಕನ್ನಡಕ ಹಾಕಿಕೊಂಡರೆ ಆ ಪಾಯದ ಮೇಲೆ ಕಂಬ, ಮಾಡು ಎದ್ದು ನಿಲ್ಲಬೇಕು. ಎದುರಿನ ಗುಡ್ಡ, ವಾರಾಹಿ ಹಿನ್ನೀರಿನ ಮೇಲೆ ಹೆಸರು ಕಾಣಬೇಕು. ಕಣ್ಣೆದುರಿನ ನೋಟದ ಮೇಲೆ ಕಂಪ್ಯೂಟರ್ ಚಿತ್ರ ಕೂರಿಸುವ ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ಎಆರ್, ಹಿಡಿದು ನಾನು ಹೊರಟಿದ್ದು ಇದಕ್ಕೆ.

ಬ್ಯಾಗಿನಲ್ಲಿ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಪವರ್ ಬ್ಯಾಂಕ್. ಭುಜದ ಪಟ್ಟಿಗೆ ಜಿಪಿಎಸ್. ಮುಖ ಯಾವ ಕಡೆಗಿದೆ ಎಂದು ಹೇಳುವ ಸೆನ್ಸರ್ ಮಾತ್ರ ಟೋಪಿಯ ಮೇಲೆ. ಅದರೊಳಗೆ ದಿಕ್ಸೂಚಿ ಇದೆ, ಕರೆಂಟ್ ಹರಿಯುವ ವೈರ್ ಪಕ್ಕಕ್ಕೆ ಬಂದರೆ ಉತ್ತರ ದಿಕ್ಕೇ ವಾಲುತ್ತದೆ.

1997ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟೀವನ್ ಫೈನರ್ ತಂಡ ‘ಟೂರಿಂಗ್ ಮಷೀನ್’ ಕಟ್ಟಿತ್ತು. ಬೆನ್ನಿಗೆ ಕಂಪ್ಯೂಟರ್ ಹೊತ್ತು ನಡೆದರೆ ಕ್ಯಾಂಪಸ್ಸಿನ ಕಟ್ಟಡಗಳ ಮೇಲೆ ಹೆಸರು ಕಾಣುತ್ತಿತ್ತು. ಆಮೇಲೆ ಹೊರೆ ಇಳಿದಿದೆ. ಎಲ್ಲಿ ನಿಂತಿದ್ದೀರಿ, ಎತ್ತ ನೋಡುತ್ತಿದ್ದೀರಿ ಎಂಬ ತಲೆನೋವು ಇಳಿದಿಲ್ಲ.

ಲೆಕ್ಕ ನೋಡಿ. ಮರದಡಿ ಜಿಪಿಎಸ್ 5 ಮೀಟರ್ ಆಚೀಚೆ ತೋರಿಸುವುದು ಮಾಮೂಲಿ. 1 ಕಿಲೋಮೀಟರ್ ದೂರದ ಗುಡ್ಡಕ್ಕೆ ಅದರಿಂದ ಬರುವ ವ್ಯತ್ಯಾಸ 0.3 ಡಿಗ್ರಿ, ಕಣ್ಣಿಗೇ ಗೊತ್ತಾಗುವುದಿಲ್ಲ. ಅದೇ 5 ಮೀಟರ್ ದೂರದ ಕಂಬದ ಬುಡಕ್ಕೆ 45 ಡಿಗ್ರಿ! ಕಂಬ ಪಾಯ ಬಿಟ್ಟು ಪಕ್ಕದ ಪೊದೆಯಲ್ಲಿ ನಿಲ್ಲುತ್ತದೆ. ದಿಕ್ಕಿನದು ಬೇರೆ ಕಥೆ. 1 ಡಿಗ್ರಿ ತಪ್ಪಿದರೆ 1 ಕಿಲೋಮೀಟರ್‌ನಲ್ಲಿ ಸುಮಾರು 17 ಮೀಟರ್ ಸರಿಯುತ್ತದೆ. ಆದರೆ ಗುಡ್ಡ ಅಷ್ಟು ಅಗಲ ಇರುತ್ತದಲ್ವಾ, ಹೆಸರು ಅದರ ಮೇಲೇ ಕೂರುತ್ತದೆ.

ಹಾಗಾಗಿ ದೂರದ್ದಕ್ಕೆ ಜಿಪಿಎಸ್ ಸಾಕು ಅಂತ ಬಿಟ್ಟೆ. ಹತ್ತಿರದ್ದಕ್ಕೆ ಸೌತ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದವರ ದಾರಿ ಹಿಡಿದೆ. ಅವರು 2000ರ ಹೊತ್ತಿಗೆ ‘ಎಆರ್‌ಕ್ವೇಕ್’ ಎಂಬ ಆಟ ಮಾಡಿದಾಗ, ಕಟ್ಟಡಗಳ ಹತ್ತಿರ ಜಿಪಿಎಸ್ ನಂಬದೆ ಕ್ಯಾಮೆರಾ ಗುರುತಿಸಿ ನಿಂತ ಜಾಗ ಲೆಕ್ಕ ಹಾಕಲು ಕಪ್ಪು-ಬಿಳಿ ಚೌಕಗಳನ್ನು ಬಳಸಿದ್ದರು. ನಾನೂ ಅಂಥ ಚೌಕಗಳನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಪಾಯದ ಪಕ್ಕ ಇಟ್ಟೆ. ಕೋಟೆಯ ಕಲ್ಲಿಗೆ ಏನನ್ನೂ ಅಂಟಿಸಬಾರದಲ್ಲ, ಅದಕ್ಕೇ ಸ್ಟ್ಯಾಂಡ್. ನಮ್ಮ ಮಳೆಗೆ ಕಾಗದ ನಿಲ್ಲುವುದಿಲ್ಲ. ಲ್ಯಾಮಿನೇಷನ್ ಮಾಡಿಸಿದರೆ ಬೆಳಕಿಗೆ ಮಿನುಗಿ ಕ್ಯಾಮೆರಾಕ್ಕೆ ಓದಲಾಗುವುದಿಲ್ಲ. ಮಿನುಗದ ಮ್ಯಾಟ್ ಹಾಳೆಯೇ ಬೇಕು. ಕ್ಯಾಮೆರಾ ಕಲ್ಲನ್ನೇ ಗುರುತಿಸಬಾರದಾ ಅಂತ ಗೆಳೆಯರು ಕೇಳುತ್ತಾರೆ. ಬೇಸಿಗೆಯಲ್ಲಿ ಕಂಡ ಕಲ್ಲು ಮಳೆಗಾಲದಲ್ಲಿ ಪಾಚಿ ಹೊದ್ದಿರುತ್ತದೆ, ಸುತ್ತ ಹುಲ್ಲು ಗಾಳಿಗೆ ಆಡುತ್ತಿರುತ್ತದೆ. ಯಾವುದನ್ನು ನಂಬುವುದು?

ಇನ್ನು ಬಣ್ಣ. ಆಚೆಯದನ್ನು ಗಾಜಿನ ಮೂಲಕವೇ ನೋಡುವ ಈ ಬಗೆಯ ಕನ್ನಡಕ ಇರುವ ಬೆಳಕಿಗೆ ತನ್ನ ಬೆಳಕು ಸೇರಿಸುತ್ತದೆ, ಅಷ್ಟೇ. ಅದರಲ್ಲಿ ಕಪ್ಪು ಅಂದರೆ ಪಾರದರ್ಶಕ. ಹೆಂಚಿನ ಕಂದು ಬಣ್ಣ ಬಿಸಿಲಲ್ಲಿ ಕಾಣುವುದೇ ಇಲ್ಲ. ಅದಕ್ಕೆ ಮಾಡನ್ನು ಹೊಳೆಯುವ ಹಸಿರು-ಹಳದಿ ಗೆರೆಗಳಲ್ಲಿ ಬರೆದೆ. ಚಂದ ಕಡಿಮೆ, ಆದರೆ ಕಾಣುತ್ತದೆ. ಮೋಡದ ದಿನ ಇನ್ನೂ ಚೆನ್ನಾಗಿ ಕಾಣುತ್ತದೆ. ಜಡಿಮಳೆಯಲ್ಲಿ ಮಾತ್ರ ಬೇಡ. ಹತ್ತುವಾಗ ಬೆವರಿಗೆ ಗಾಜಿನ ಒಳಗೆ ಆವಿ ಕಟ್ಟುತ್ತದೆ, ಕಾಲಿಗೆ ಹತ್ತಿದ ಇಂಬಳ ಕೀಳಲು ಬಗ್ಗಿದರೆ ಕನ್ನಡಕ ಮೂಗಿನಿಂದ ಜಾರುತ್ತದೆ. ಮಳೆ ಹಿಂದಾದ ಮೇಲೆ, ಬಿಸಿಲು ಏರುವ ಮೊದಲು ಹೋಗಿ.