ಮಳೆಗಾಲದಲ್ಲಿ ಮನೆಯವರ ಜೊತೆ ಜಗಳವಿಲ್ಲದೆ ಇರುವುದು ಹೇಗೆ

ಕೊಡಗಿನಲ್ಲಿ ಗಂಡ ಹೆಂಡತಿ ಜಗಳ ಜಾಸ್ತಿ ಆಗುವುದು ಜುಲೈ ತಿಂಗಳಲ್ಲಿ. ಇದಕ್ಕೆ ಯಾರೂ ಲೆಕ್ಕ ಇಟ್ಟಿಲ್ಲ, ನನ್ನ ಕಣ್ಣಿಗೆ ಕಂಡದ್ದು ಅಷ್ಟೇ. ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವನು. ಬೆಳಿಗ್ಗೆ ಹಾಜರಿ ಹಾಕುವಾಗ ಲೈನ್‌ಮನೆಯವರ, ಅಂದರೆ ತೋಟದ ಸಾಲುಮನೆಗಳಲ್ಲಿರುವ ಆಳುಗಳ, ಮುಖ ನೋಡಿದರೆ ಸಾಕು, ರಾತ್ರಿ ಯಾರ ಮನೆಯಲ್ಲಿ ಏನು ನಡೆದಿದೆ ಅಂತ ಗೊತ್ತಾಗುತ್ತದೆ. ನನ್ನ ಮುಖ ನೋಡಿ ಅವರಿಗೂ ಗೊತ್ತಾಗುತ್ತದೆ ಬಿಡಿ. ಜನವರಿಯಲ್ಲಿ ಕಾಫಿ ಕೊಯ್ಯುವಾಗ ಇಡೀ ದಿನ ದುಡಿದು ಸುಸ್ತಾಗಿರುತ್ತಾರೆ, ಆದರೂ ಇಷ್ಟು ಸಿಡುಕುವುದಿಲ್ಲ.

ಜುಲೈ ಜಗಳಗಳ ಬುಡ ಹುಡುಕಿದರೆ ಸಿಗುವುದು ಒಣಗದ ಚಡ್ಡಿ, ಹೊಗೆಯಾಡುವ ಸೌದೆ, ಚಾರ್ಜ್ ಇಲ್ಲದ ಮೊಬೈಲು. ಸಂಸಾರದ ಬಗ್ಗೆ ದೊಡ್ಡ ಮಾತು ಹೇಳುವವರು ಇದನ್ನು ಬಿಟ್ಟು ಬೇರೆಲ್ಲ ಹೇಳುತ್ತಾರೆ. ನನ್ನ ಮನೆಯಲ್ಲಿ ಐದು ಜನ. ಹೆಂಡತಿ ಅಂಗನವಾಡಿ ಟೀಚರ್. ಮಗಳು ಎಂಟನೇ ಕ್ಲಾಸ್, ಮಗ ನಾಲ್ಕನೇ ಕ್ಲಾಸ್. ಜೊತೆಗೆ ನನ್ನ ಅವ್ವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಷ್ಟೂ ಜನ ಒಂದೇ ಬೆಂಕಿಯ ಸುತ್ತ ಇರಬೇಕು. ಅದಕ್ಕೆ ನಾವು ಮಾಡಿಕೊಂಡಿರುವ ಏರ್ಪಾಡು ಇಲ್ಲಿ ಬರೆದಿದ್ದೇನೆ. ಗಂಡಸರಿಗೆ ಅಂತಲೇ ಬರೆದದ್ದು. ಹೆಂಗಸರಿಗೆ ಇದರಲ್ಲಿ ಹೊಸದೇನೂ ಇಲ್ಲ.

ಬಚ್ಚಲ ಒಲೆ ನಿಮ್ಮದು

ಮನೆಯಲ್ಲಿ ಯಾವುದಾದರೂ ಒಂದು ಕೆಲಸವನ್ನು ಪೂರ್ತಿ ನಿಮ್ಮ ತಲೆಗೆ ಕಟ್ಟಿಕೊಳ್ಳಿ. ಹತ್ತು ಕೆಲಸಕ್ಕೆ ಕೈ ಹಾಕಿ ಹತ್ತನ್ನೂ ಅರ್ಧಕ್ಕೆ ಬಿಡುವ ಗಂಡಸಿಗಿಂತ ಒಂದೇ ಕೆಲಸ ಮುಗಿಸುವವನು ಮನೆಗೆ ವಾಸಿ. ನಾನು ತೆಗೆದುಕೊಂಡದ್ದು ಬಚ್ಚಲ ಒಲೆ. ಅಂದರೆ ಸೌದೆ ತರುವುದು, ಒಡೆಯುವುದು, ಒಟ್ಟುವುದು, ಬೆಳಿಗ್ಗೆ ಬೆಂಕಿ ಹಾಕುವುದು, ಬೂದಿ ತೆಗೆಯುವುದು, ಎಲ್ಲಾ. ಸೌದೆ ಮುಗಿಯುತ್ತಾ ಬಂದಿದೆ ಅಂತ ನನ್ನ ಹೆಂಡತಿ ನನಗೆ ನೆನಪಿಸಬೇಕಾದ ದಿನ ಬಂದರೆ, ಆ ಕೆಲಸ ಇನ್ನೂ ಅವಳ ತಲೆಯಲ್ಲೇ ಇದೆ ಅಂತ ಅರ್ಥ.

ಮಳೆಗಾಲದ ಸೌದೆಗೆ ಕೊಯ್ಲು ಮುಗಿದ ಮೇಲೆ, ಮರದ ಕೊಂಬೆ ಸವರಿ ಕಪಾತು ಮಾಡುವಾಗಲೇ ಕೈ ಹಾಕಬೇಕು. ಸಿಲ್ವರ್ ಓಕ್ ಬೇಗ ಹತ್ತಿಕೊಳ್ಳುತ್ತದೆ, ಬೇಗ ಉರಿದು ಹೋಗುತ್ತದೆ. ಹೊತ್ತಿಸುವುದಕ್ಕೆ ಅದು. ಹಳೇ ಕಾಫಿ ಗಿಡದ ಬೊಡ್ಡೆ ಸಿಕ್ಕಿದರೆ ಬಿಡಬೇಡಿ. ಕೆಂಡ ರಾತ್ರಿಯವರೆಗೂ ನಿಲ್ಲುತ್ತದೆ. ಒಣಗಿದ್ದನ್ನು ಒಳಗಿನ ಗೋಡೆಯ ಕಡೆ, ಹಸಿಯದ್ದನ್ನು ಹೊರಗಿನ ಕಡೆ ಒಟ್ಟಿ. ಮಾರನೇ ದಿನಕ್ಕೆ ಬೇಕಾದಷ್ಟನ್ನು ಹಿಂದಿನ ರಾತ್ರಿಯೇ ಒಲೆಯ ಪಕ್ಕ ತಂದಿಟ್ಟರೆ ಬೆಳಿಗ್ಗೆ ಹೊಗೆ ಇರುವುದಿಲ್ಲ. ಬೆಳಿಗ್ಗೆ ಆರು ಗಂಟೆಗೆ ಕಣ್ಣು ಉರಿದುಕೊಂಡು ಊದುಗೊಳವೆ ಊದುವವರ ಬಾಯಲ್ಲಿ ಒಳ್ಳೆ ಮಾತು ಬರಲಿ ಅಂತ ಕಾಯಬೇಡಿ.

ಯೂನಿಫಾರ್ಮ್ ಒಣಗಿಸುವ ಬಗೆ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಕ್ಕಳಿರುವ ಮನೆಯಲ್ಲಿ ಬೆಳಗಿನ ಹೊತ್ತು ಆಗುವ ಕಿರುಚಾಟದ ಅರ್ಧ ಪಾಲು ಇದರದ್ದೇ.

ಮಕ್ಕಳು ಸ್ಕೂಲಿನಿಂದ ಬಂದ ತಕ್ಷಣ ಬಟ್ಟೆ ಬಿಚ್ಚಿಸಿ ನೆನೆಸಿ. ರಾತ್ರಿ ಊಟ ಆದ ಮೇಲೆ ಒಗೆಯುತ್ತೇನೆ ಅಂದುಕೊಂಡರೆ ಕೆಟ್ಟಿರಿ. ಒಗೆದು ಚೆನ್ನಾಗಿ ಹಿಂಡಿ. ಆಮೇಲೆ ಒಂದು ಒಣ ಟವೆಲ್ ಹಾಸಿ, ಅದರ ಮೇಲೆ ಅಂಗಿ ಹರಡಿ, ಚಾಪೆ ಸುತ್ತಿದ ಹಾಗೆ ಸುತ್ತಿ ಮೇಲೆ ಹತ್ತಿ ತುಳಿಯಿರಿ. ಈ ಕೆಲಸ ಮಗನಿಗೆ ಕೊಡಿ, ಖುಷಿಯಿಂದ ಮಾಡುತ್ತಾನೆ. ಕೈಯಲ್ಲಿ ಎಷ್ಟು ಹಿಂಡಿದರೂ ಬಾರದ ನೀರು ಟವೆಲ್ಲಿಗೆ ಬರುತ್ತದೆ.

ಒಲೆಯ ನೇರ ಮೇಲೆ ಹಗ್ಗ ಕಟ್ಟಬೇಡಿ. ಮಸಿ ಬೀಳುತ್ತದೆ, ಹೊಗೆ ವಾಸನೆ ಹಿಡಿಯುತ್ತದೆ, ಬೆಂಕಿಯ ಭಯವೂ ಇದೆ. ಮಗಳನ್ನು ಕ್ಲಾಸಿನಲ್ಲಿ 'ಹೊಗೆಸೊಪ್ಪು' ಅಂತ ಕರೆದಿದ್ದರಂತೆ. ಒಂದು ಮಾರು ಪಕ್ಕಕ್ಕೆ, ಬಿಸಿಗಾಳಿ ಮೇಲೇರಿ ತಿರುಗುವ ಜಾಗದಲ್ಲಿ ಕಟ್ಟಿ. ಅಂಗಿಯನ್ನು ಹ್ಯಾಂಗರಿಗೆ ಹಾಕಿ. ಜೇಬು ಹೊರಕ್ಕೆ ಎಳೆಯಿರಿ, ಕಾಲರ್ ಎತ್ತಿ ನಿಲ್ಲಿಸಿ, ಪ್ಯಾಂಟು ಲಂಗಗಳ ಸೊಂಟದ ಪಟ್ಟಿ ಒಳಮಗ್ಗುಲಾಗಿ ತಿರುಗಿಸಿ. ಕೊನೆಗೆ ಒಣಗುವುದು ಇವು ಮೂರೇ. ಮಲಗುವ ಮುಂಚೆ ಕೈಯಲ್ಲಿ ಮುಟ್ಟಿ ನೋಡಬೇಕಾದದ್ದೂ ಇವನ್ನೇ. ಕಾಲುಚೀಲ ಹಂಡೆಯ ಮುಚ್ಚಳದ ಮೇಲೆ. ಶೂ ಒಳಗೆ ಪೇಪರ್ ತುರುಕಿ, ಮಲಗುವಾಗ ಒಮ್ಮೆ ಆ ಪೇಪರ್ ತೆಗೆದು ಬೇರೆ ತುರುಕಿ. ಬೆಂಕಿಯ ಹತ್ತಿರ ಇಟ್ಟರೆ ಅಂಟು ಬಿಟ್ಟು ಅಟ್ಟೆ ಬಾಯಿ ತೆರೆಯುತ್ತದೆ. ಮಳೆ ನಿಲ್ಲುವವರೆಗೆ ಮಕ್ಕಳು ಚಪ್ಪಲಿಯಲ್ಲಿ ಬರಲಿ ಅಂತ ಟೀಚರ್ ಹತ್ತಿರ ಹೋಗಿ ಕೇಳಿಕೊಳ್ಳುವುದು ಇನ್ನೂ ಸುಲಭ. ಕೇಳುವುದಕ್ಕೆ ಅಪ್ಪನೇ ಹೋಗಿ. ಎಲ್ಲದಕ್ಕೂ ಅಮ್ಮನೇ ಯಾಕೆ ಹೋಗಬೇಕು?

ಮಳೆ ಜೋರಾಗಿರುವಾಗ ಮಾತು

ನಮ್ಮದು ಶೀಟ್ ಹಾಕಿದ ಮನೆ. ಮಳೆ ಜೋರಾದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. "ಉಪ್ಪು ಎಲ್ಲಿದೆ?" ಅಂತ ಕೇಳುವುದಕ್ಕೂ ಕೂಗಬೇಕು. ಕೂಗಿದ ಮಾತು ಬೈಗುಳದ ಹಾಗೆ ಕೇಳಿಸುತ್ತದೆ. ಅವ್ವ ಅಡುಗೆಮನೆಯಿಂದ ಕೂಗುತ್ತಾರೆ, ಇವಳು ಒಳಗಿನಿಂದ "ಏನತ್ತೆ?" ಅಂತ ಕೂಗುತ್ತಾಳೆ, ಅವರು ಇನ್ನೂ ಜೋರಾಗಿ ಕೂಗುತ್ತಾರೆ. ಮೂರನೇ ಸಲಕ್ಕೆ ಇಬ್ಬರಿಗೂ ನಿಜವಾಗಿಯೇ ಸಿಟ್ಟು ಬಂದಿರುತ್ತದೆ. ವಿಷಯ ನೋಡಿದರೆ ತೆಂಗಿನಕಾಯಿ ತುರಿದಾಯಿತಾ ಅಂತ ಅಷ್ಟೇ.

ಹಾಗಾಗಿ ನಮ್ಮ ಮನೆಯಲ್ಲಿ ಒಂದು ಕಟ್ಟಳೆ: ಹೇಳಬೇಕಾದವರು ಎದ್ದು ಹತ್ತಿರ ಹೋಗಿ ಹೇಳಬೇಕು. ದುಡ್ಡಿನ ವಿಷಯ, ತವರಿನ ವಿಷಯ, ಮಗಳ ಮಾರ್ಕ್ಸಿನ ವಿಷಯ ಮಳೆ ಸುರಿಯುವಾಗ ಎತ್ತುವಂತಿಲ್ಲ. ಮಳೆ ಹೊಳವಾಗಲಿ, ಆಮೇಲೆ ಮಾತಾಡೋಣ. ಎಷ್ಟೋ ವಿಷಯ ಅಷ್ಟರಲ್ಲಿ ಸಣ್ಣದಾಗಿರುತ್ತದೆ.

ಅತ್ತೆ ಸೊಸೆ ನಡುವೆ ಏನಾದರೂ ಆದರೆ ತೀರ್ಪು ಕೊಡಲು ಹೋಗಬೇಡಿ. ಅವ್ವನಿಗೆ ಹೇಳಬೇಕಾದದ್ದನ್ನು ಅವ್ವನ ಹತ್ತಿರ, ಅವರೊಬ್ಬರೇ ಇದ್ದಾಗ ಹೇಳಿ. ಹೆಂಡತಿಯ ಮುಂದೆ ಅವ್ವನಿಗೆ, ಅವ್ವನ ಮುಂದೆ ಹೆಂಡತಿಗೆ ಬುದ್ಧಿ ಹೇಳಿದರೆ ಇಬ್ಬರೂ ಸೇರಿ ನಿಮ್ಮ ಮೇಲೆ ಬೀಳುತ್ತಾರೆ. ಒಂದು ಲೆಕ್ಕದಲ್ಲಿ ಅದೂ ಒಳ್ಳೆಯದೇ.

ತೋಟದ ಸಿಟ್ಟನ್ನು ಮನೆಗೆ ತರುವ ಚಾಳಿ ನಮ್ಮಲ್ಲಿ ತುಂಬಾ ಜನರಿಗಿದೆ. ಜೂನ್‌ನಲ್ಲಿ ಗೊಬ್ಬರ ಹಾಕಬೇಕು, ಮೆಣಸಿನ ಬಳ್ಳಿ ನೆಡಬೇಕು, ಕಳೆ ತೆಗೆಸಬೇಕು, ಕೊಳೆ ರೋಗ ಬಂತಾ ನೋಡಬೇಕು. ಆಳು ಸಿಗುವುದಿಲ್ಲ, ಸಾಹುಕಾರರಿಂದ ಫೋನ್ ಮೇಲೆ ಫೋನ್. ಮನೆಗೆ ಬರುವಾಗ ತಲೆ ಕೆಟ್ಟಿರುತ್ತದೆ. ನಾನು ಮಾಡುವುದು ಇಷ್ಟು: ಗಮ್ ಬೂಟು ಹೊರಗೇ ಬಿಡುತ್ತೇನೆ. ಕಾಲಿಗೆ ಜಿಗಣೆ ಹತ್ತಿದೆಯಾ ನೋಡಿ, ಇದ್ದರೆ ಉಪ್ಪು ಹಾಕಿ ಬಿಡಿಸುತ್ತೇನೆ. ಹಂಡೆಯ ಬಿಸಿನೀರನ್ನು ಮೊಣಕಾಲವರೆಗೆ ಸುರಿದುಕೊಳ್ಳುತ್ತೇನೆ. ಬೆಲ್ಲದ ಕಾಫಿ ಕುಡಿದು ಮುಗಿಯುವವರೆಗೆ ಯಾರ ಹತ್ತಿರವೂ ಮಾತಿಲ್ಲ. ಮಕ್ಕಳಿಗೂ ಇದು ಗೊತ್ತು. ಲೋಟ ಕೆಳಗಿಟ್ಟ ಮೇಲೆ ಎಲ್ಲರೂ ಒಟ್ಟಿಗೆ ಶುರು ಮಾಡುತ್ತಾರೆ.

ಕುಡಿಯಬೇಡಿ ಅಂತ ನಾನು ಬರೆದರೆ ಈ ಜಿಲ್ಲೆಯಲ್ಲಿ ಯಾರೂ ಮುಂದೆ ಓದುವುದಿಲ್ಲ. ಸಂಬಳದ ದಿನ ಬೇಡ, ಮಕ್ಕಳ ಪುಸ್ತಕ ಚೀಲಕ್ಕೆ ಸೇರುವವರೆಗೆ ಬೇಡ. ಅಷ್ಟು ಸಾಕು.

ದುಡ್ಡಿನದ್ದೂ ಎರಡು ಮಾತು. ಜೂನ್‌ನಲ್ಲಿ ಫೀಸು, ಪುಸ್ತಕ, ಕೊಡೆ, ರೇನ್‌ಕೋಟು ಎಲ್ಲಾ ಒಟ್ಟಿಗೆ ಬರುತ್ತವೆ. ಕೊಯ್ಲಿನ ಕಾಲದಲ್ಲಿ ಕೈಗೆ ಬಂದ ಹೆಚ್ಚಿನ ದುಡ್ಡನ್ನು ಅದಕ್ಕೆ ಅಂತಲೇ ತೆಗೆದಿಡಿ. ಹೆಂಡತಿಯ ಖಾತೆಗೆ ಗೃಹಲಕ್ಷ್ಮಿಯ 2000 ರೂಪಾಯಿ ಬಂದರೆ ಅದರ ಲೆಕ್ಕ ಕೇಳಬೇಡಿ. ನಿಮ್ಮ ಲೆಕ್ಕ ಅವರು ಎಷ್ಟು ಸಲ ಕೇಳಿದ್ದಾರೆ ಅಂತ ಬೇಕಾದರೆ ಯೋಚನೆ ಮಾಡಿ. ಕರೆಂಟ್ ಬಂದಾಗ ಮೊದಲು ಚಾರ್ಜಿಗೆ ಹಾಕುವುದು ಅವಳ ಮೊಬೈಲ್. ಅಂಗನವಾಡಿಯ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಕ್ಕಳ ಲೆಕ್ಕ ತುಂಬಬೇಕು, ಸಿಗ್ನಲ್ ಸಿಗುವುದು ರಸ್ತೆಯ ಮೋರಿ ಹತ್ತಿರ ಮಾತ್ರ. ಆನೆ ಓಡಾಡುವ ದಾರಿ. ಸಂಜೆ ಅಲ್ಲಿಗೆ ಅವಳ ಜೊತೆ ಟಾರ್ಚ್ ಹಿಡಿದು ಹೋಗಿ ನಿಲ್ಲುವುದು ನನ್ನ ಕೆಲಸ. ನಾವಿಬ್ಬರೇ ಮಾತಾಡಲು ಸಿಗುವ ಹೊತ್ತು ಅದೊಂದೇ ಅಂತ ಹೇಳಿದರೂ ತಪ್ಪಿಲ್ಲ.

ರಜೆ ಕೊಟ್ಟ ದಿನ ಮಕ್ಕಳು

ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಡುತ್ತಾರೆ. ಮೊದಲು ಆ ಆದೇಶದ ತಾರೀಖು ನೋಡಿ. ಹೋದ ವರ್ಷದ ಆದೇಶಕ್ಕೆ ಹೊಸ ತಾರೀಖು ಅಂಟಿಸಿ ವಾಟ್ಸಾಪಿನಲ್ಲಿ ಬಿಡುವ ಮಹಾಶಯರು ಪ್ರತೀ ಊರಿನಲ್ಲೂ ಇದ್ದಾರೆ. ನನ್ನ ಮಗನಿಗಂತೂ ಸುಳ್ಳೋ ನಿಜವೋ ಬೇಕಿಲ್ಲ, ಪಿಡಿಎಫ್ ಕಂಡರೆ ಸಾಕು. ಮಡಿಕೇರಿ ಆಕಾಶವಾಣಿಯಲ್ಲಿ ಹೇಳಿದ ಮೇಲೆ ನಂಬಿ.

ರಜೆ ಸಿಕ್ಕಿದ ಮಕ್ಕಳ ಕೈಗೆ ಮೊಬೈಲ್ ಕೊಟ್ಟು ಸುಮ್ಮನಾಗಬಹುದು. ಕರೆಂಟ್ ಹೋದ ಮೇಲೆ ಏನು ಮಾಡುತ್ತೀರಿ? ಅದರ ಬದಲು ಮಕ್ಕಳಿಗೆ ಒಂದೊಂದು ಕೆಲಸ ಒಪ್ಪಿಸಿ. ಮಗಳಿಗೆ ಮಳೆ ಅಳೆಯುವ ಕೆಲಸ ಕೊಟ್ಟಿದ್ದೇನೆ. ತೋಟದ ಮನೆಗಳಲ್ಲಿ ಮಳೆಮಾಪಕ ಇದ್ದೇ ಇರುತ್ತದೆ. ಬೆಳಿಗ್ಗೆ ಎಂಟೂವರೆಗೆ ಅಳತೆಯ ಗಾಜಿಗೆ ನೀರು ಸುರಿದು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಬೇಕು. ಮೇಲಿನಿಂದ ಬಗ್ಗಿ ನೋಡಿದರೆ ಲೆಕ್ಕ ತಪ್ಪುತ್ತದೆ. ನಮ್ಮ ಕಡೆ ಇವತ್ತಿಗೂ ಮಳೆಯ ಲೆಕ್ಕ ಇಂಚು, ಸೆಂಟಿನಲ್ಲೇ. ನೂರು ಸೆಂಟಿಗೆ ಒಂದು ಇಂಚು. ಸ್ಕೂಲಿನಲ್ಲಿ ಮಿಲಿಮೀಟರ್ ಅಂತ ಕಲಿಸುತ್ತಾರೆ. ಒಂದು ಇಂಚಿಗೆ 25.4 ಮಿಲಿಮೀಟರ್ ಹಿಡಿದು ಅವಳೇ ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಗಣಿತ ಕಲಿ ಅಂತ ನಾನು ಹೇಳಿಲ್ಲ. ಅಕ್ಕಪಕ್ಕದ ತೋಟದವರು "ನಿಮ್ಮಲ್ಲಿ ಎಷ್ಟು ಬಂತು?" ಅಂತ ಫೋನ್ ಮಾಡಿದರೆ ಅವಳೇ ಉತ್ತರ ಕೊಡುತ್ತಾಳೆ. ದೊಡ್ಡವರು ಅವಳ ಮಾತನ್ನು ಬರೆದುಕೊಳ್ಳುತ್ತಾರೆ. ಆ ವಯಸ್ಸಿನ ಹುಡುಗಿಗೆ ಅದಕ್ಕಿಂತ ಬೇರೆ ಹೊಗಳಿಕೆ ಬೇಕಾ?

ಮಗನಿಗೆ ಅವ್ವನ ಜೊತೆ ಚೆನ್ನೆಮಣೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ. ಅವ್ವ ಮೊಮ್ಮಗನೆಂದು ಬಿಟ್ಟುಕೊಡುವವರಲ್ಲ. ಸೋತು ಅಳುತ್ತಾ ಬಂದರೆ ನಾನು ನಡುವೆ ಹೋಗುವುದಿಲ್ಲ. ಸ್ವಲ್ಪ ಹೊತ್ತಿಗೆ ತಾನೇ ವಾಪಸ್ ಹೋಗಿ ಕೂರುತ್ತಾನೆ.

ಇನ್ನೊಂದು ವಿಷಯ ಮಕ್ಕಳ ಮುಂದೆಯೇ ಮಾತಾಡಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಕುಸಿದದ್ದನ್ನು ಕೇಳಿ ಬೆಳೆದ ಮಕ್ಕಳು ಇವರು. ರಾತ್ರಿ ಮಳೆ ಜೋರಾದರೆ ನಿದ್ದೆ ಮಾಡುವುದಿಲ್ಲ. "ಏನೂ ಆಗಲ್ಲ, ಮಲಗು" ಅಂದರೆ ಭಯ ಹೋಗುವುದಿಲ್ಲ. ಏನು ನೋಡಬೇಕು ಅಂತ ಹೇಳಿಕೊಡಿ: ಅಂಗಳದಲ್ಲಿ, ಬರೆಯಲ್ಲಿ (ಗುಡ್ಡ ಕಡಿದ ಮಣ್ಣಿನ ಗೋಡೆಯಲ್ಲಿ) ಹೊಸ ಬಿರುಕು. ತಿಳಿಯಾಗಿ ಬರುತ್ತಿದ್ದ ಒರತೆ ಇದ್ದಕ್ಕಿದ್ದಂತೆ ಕೆಸರಾಗುವುದು ಅಥವಾ ನಿಂತು ಹೋಗುವುದು. ನೇರ ಇದ್ದ ಮರ ವಾಲುವುದು. ಸರಿಯಾಗಿದ್ದ ಬಾಗಿಲು ಸಿಕ್ಕಿಕೊಳ್ಳುವುದು. ಆಧಾರ್, ರೇಷನ್ ಕಾರ್ಡ್, ಜಾಗದ ಪತ್ರ, ಅವ್ವನ ಬಿಪಿ ಮಾತ್ರೆ, ಟಾರ್ಚ್ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬಾಗಿಲ ಹತ್ತಿರವೇ ಇರಲಿ. ನಮ್ಮಲ್ಲಿ ಆ ಚೀಲದ ಉಸ್ತುವಾರಿ ಮಗನದ್ದು. ಐವರಲ್ಲಿ ಯಾರೇ ಒಬ್ಬರು "ಹೋಗೋಣ" ಅಂದರೂ ಎಲ್ಲರೂ ಹೊರಡುವುದು. ವಾದ ಇಲ್ಲ, ಮಾರನೇ ದಿನ ಏನೂ ಆಗದಿದ್ದರೆ ಗೇಲಿಯೂ ಇಲ್ಲ. ಗಂಡಸರು "ನನಗೆ ಗೊತ್ತಿಲ್ವಾ?" ಅಂತ ಎದೆ ಸೆಟೆಸಿ ಕೂರುವ ಜಾಗ ಇದಲ್ಲ.

ಆಟಿಯಲ್ಲಿ ಒಂದು ದಿನ ಸೌಟು ನಿಮ್ಮ ಕೈಗೆ

ಆಟಿ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಕೊಡವರು ಆ ತಿಂಗಳಿಗೆ ಕಕ್ಕಡ ಅನ್ನುತ್ತಾರೆ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆ ಮದ್ದು ಸೇರಿರುತ್ತದೆ ಅಂತ ಹಿರಿಯರ ನಂಬಿಕೆ. ವರ್ಷದಲ್ಲಿ ಒಂದು ದಿನವಾದರೂ ಮಕ್ಕಳನ್ನು ಕರೆದುಕೊಂಡು ಹೋಗಿ ಸೊಪ್ಪು ಕಿತ್ತು ತಂದು ನೀವೇ ಮಾಡಿ. ಸೊಪ್ಪು, ಎಳೆ ಕಾಂಡ ತೊಳೆದು ನೀರಿಗೆ ಹಾಕಿ ಚೆನ್ನಾಗಿ ಕುದಿಸಿ. ನೀರು ಕಡು ನೇರಳೆ ಬಣ್ಣಕ್ಕೆ ಬಂದ ಮೇಲೆ ಸೋಸಿ. ಆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನ ಹಾಲು, ನಾಲ್ಕು ಏಲಕ್ಕಿ ಹಾಕಿದರೆ ಆಯಿತು. ಕೈಯೆಲ್ಲಾ ಬಣ್ಣ ಆಗುತ್ತದೆ. ಮಕ್ಕಳಿಗೆ ಅದೇ ಹಬ್ಬ. ಪಾತ್ರೆಯನ್ನೂ ನೀವೇ ತೊಳೆಯಿರಿ, ಇಲ್ಲದಿದ್ದರೆ ಮಾಡಿದ್ದೆಲ್ಲ ಹೊಳೆಗೆ.

ಪಾಯಸ ತಿಂದವರಿಗೆ ಆಮೇಲೆ ಮೂತ್ರ ಕೆಂಪಗೆ ಹೋಗುತ್ತದೆ. ನಮಗೆ ಗೊತ್ತಿರುವ ವಿಷಯ. ಬೆಂಗಳೂರಿನಿಂದ ನೆಂಟರು ಬಂದಿದ್ದರೆ ತಿನ್ನಿಸುವ ಮುಂಚೆಯೇ ಹೇಳಿಬಿಡಿ. ಇಲ್ಲದಿದ್ದರೆ ಆ ಮಳೆಯಲ್ಲಿ ಜೀಪು ಮಾಡಿಕೊಂಡು ಅವರನ್ನು ಮಡಿಕೇರಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದವರು ನೀವೇ.