ಬ್ಲಾಕ್ ಹೀಟರ್ ಹಾಕಿದ ಕಥೆ, ಹೀಟರ್‌ಗಿಂತ ಜಾಸ್ತಿ ತಲೆ ತಿಂದಿದ್ದು ಅದರ ವೈರು

ಮೈನಸ್ 20ಕ್ಕಿಂತ ಕೆಳಗೆ ಹೋದ ದಿನ ಡೀಸೆಲ್ ಗಾಡಿಗೆ ಸೆಲ್ಫ್ ಹೊಡೆದ್ರೆ ಬರೋ ಸೌಂಡ್ ಕೇಳಿದೋರಿಗೇ ಗೊತ್ತು, ಊಂ... ಊಂ... ಅಂತ ಮುಲುಗುತ್ತೆ, ಆಮೇಲೆ ಅದೂ ಇಲ್ಲ. ನಾನು ಎರಡು ಚಳಿಗಾಲ ಬ್ಯಾಟರಿನೇ ಬೈಕೊಂಡು ಕಳೆದೆ, ಹೊಸಾದೂ ಹಾಕಿಸಿದೆ. ಆದ್ರೆ ಮೈನಸ್ 18ರ ಹತ್ರ ಎಂಥ ಲೆಡ್ ಆಸಿಡ್ ಬ್ಯಾಟರಿ ಆದ್ರೂ ಅದರ ಶಕ್ತಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತೆ, ಅದೇ ಹೊತ್ತಿಗೆ ಆಯಿಲ್ ಜೇನುತುಪ್ಪದ ಹಾಗೆ ಗಟ್ಟಿಯಾಗಿ ಇಂಜಿನ್ ತಿರುಗಿಸೋಕೆ ಡಬಲ್ ಬಲ ಬೇಕಾಗುತ್ತೆ, ಅಂದ್ರೆ ಎತ್ತು ಬಡವಾದಾಗಲೇ ಗಾಡಿ ಭಾರ ಆದಂಗೆ. ಆಯಿಲ್ 15ಡಬ್ಲ್ಯೂ-40 ಇಂದ ಚಳೀಲೂ ಅಷ್ಟು ಗಟ್ಟಿಯಾಗದ 5ಡಬ್ಲ್ಯೂ-40ಗೆ ಬದಲಾಯಿಸಿದ್ಮೇಲೆ ಸ್ವಲ್ಪ ವಾಸಿ ಆಯ್ತು, ಪೂರ್ತಿ ಅಲ್ಲ. ಆಮೇಲೇ ಬ್ಲಾಕ್ ಹೀಟರ್, ಅಂದ್ರೆ ಸ್ಟಾರ್ಟ್ ಮಾಡೋ ಮುಂಚೆನೇ ಕರೆಂಟಲ್ಲಿ ಇಂಜಿನ್ ಬೆಚ್ಚಗೆ ಮಾಡೋದು, ಹಾಕೋಣ ಅಂತ ಮನಸ್ಸು ಮಾಡಿದ್ದು.

ಇದೇನು ದೊಡ್ಡ ವಿದ್ಯೆ ಅಲ್ಲ, ನೀರು ಕಾಯಿಸೋ ಕಾಯಿಲ್ ಇರುತ್ತಲ್ಲ ಅದರ ಚಿಕ್ಕ ತಮ್ಮ ಅಷ್ಟೇ, ಇಂಜಿನ್ ಬ್ಲಾಕ್ ಒಳಗಿರೋ ಕೂಲಂಟ್‌ನಲ್ಲಿ (ಇಂಜಿನ್ ತಣ್ಣಗಿಡೋ ದ್ರವ) ಮುಳುಗಿ ಕೂತಿರುತ್ತೆ. ನನ್ನದು 500 ವ್ಯಾಟ್. ಆಯಿಲ್ ಚೇಂಬರ್ ತಳಕ್ಕೆ ಅಂಟಿಸೋ ಪ್ಯಾಡ್ ಥರದ್ದೂ ಸಿಗುತ್ತೆ, ನಾನು ತಗೊಂಡಿದ್ದು ಬ್ಲಾಕ್ ಪಕ್ಕದ ಕೋರ್ ಪ್ಲಗ್ ಅನ್ನೋ ಬಿರಡೆ ತೆಗೆದು ಆ ತೂತಿಗೆ ಕೂರಿಸೋದು. ಈ ಕೋರ್ ಪ್ಲಗ್‌ನ ಎಲ್ಲರೂ ಫ್ರೀಜ್ ಪ್ಲಗ್ ಅಂತಾರೆ, ನೀರು ಹೆಪ್ಪುಗಟ್ಟಿದಾಗ ಕಿತ್ಕೊಂಡು ಬಂದು ಇಂಜಿನ್ ಉಳಿಸೋಕೆ ಇಟ್ಟಿದ್ದಾರೆ ಅಂತ ಕಥೆ ಬೇರೆ. ನಿಜ ಏನಂದ್ರೆ ಬ್ಲಾಕ್ ಎರಕ ಹೊಯ್ಯುವಾಗ ಒಳಗಿನ ಮರಳು ತೆಗೆಯೋಕೆ ಬಿಟ್ಟ ತೂತು ಅದು, ಆಮೇಲೆ ಮುಚ್ಚಿರ್ತಾರೆ.

ಇಂಜಿನ್ ಪೂರ್ತಿ ತಣ್ಣಗಾದ್ಮೇಲೆ ಕೂಲಂಟ್ ಇಳಿಸಿದೆ, ಬಕೆಟ್‌ಗೆ ತಕ್ಷಣ ಮುಚ್ಚಳ ಹಾಕಿದೆ ಯಾಕಂದ್ರೆ ಅದು ಸಿಹಿ ವಿಷ, ನಾಯಿ ಬೆಕ್ಕು ನೆಕ್ಕಿದ್ರೆ ಕಥೆ ಮುಗೀತು. ಹಳೇ ಪ್ಲಗ್ ತೆಗೆದೆ, ಹೀಟರ್ ಕೂರಿಸಿದೆ, ಕೂಲಂಟ್ ತುಂಬಿದೆ, ಎರಡು ಗಂಟೆ ಬಿಟ್ಟು ನೋಡಿದ್ರೆ ಕೆಳಗೆ ತೊಟ್ಟು ತೊಟ್ಟು. ತೂತಿನ ಅಂಚಲ್ಲಿ ತುಕ್ಕು ಹಾಗೇ ಬಿಟ್ಟಿದ್ದೆ, ಸೋರದಂಗೆ ಹಾಕೋ ರಬ್ಬರ್ ಬಳೆ, ಓ ರಿಂಗ್, ಅದರ ಮೇಲೆ ಸರಿಯಾಗಿ ಕೂತಿರ್ಲಿಲ್ಲ. ಮತ್ತೆ ಎಲ್ಲಾ ಇಳಿಸಿ, ಬೆರಳಿಗೆ ಎಮರಿ ಪೇಪರ್ ಸುತ್ಕೊಂಡು ಅಂಚು ಹೊಳೆಯೋವರೆಗೂ ಉಜ್ಜಿ ಕೂರಿಸಿದ್ಮೇಲೆ ಒಂದು ಹನಿ ಇಲ್ಲ. ಕಾಯಿಲ್ ಒಳಗಿನ ಗೋಡೆಗೆ ತಾಗಬಾರ್ದು, ಅದನ್ನೂ ನೋಡ್ಕೊಳ್ಳಿ.

ಕೂಲಂಟ್ ತುಂಬಿದಾಗ ಒಳಗೆ ಸಿಕ್ಕಿಕೊಂಡ ಗಾಳಿ ತೆಗೆಯೋ ಕೆಲಸಕ್ಕಂತೂ ಅವಸರ ಮಾಡ್ಲೇಬೇಡಿ. ಕಾಯಿಲ್ ಸುತ್ತ ಕೂಲಂಟ್ ಬದಲು ಗಾಳಿ ಇದ್ರೆ ಕರೆಂಟ್ ಕೊಟ್ಟ ಸ್ವಲ್ಪ ಹೊತ್ತಲ್ಲೇ ಸುಟ್ಟು ಹೋಗುತ್ತೆ. ಹಂಗಾಗಿ ನಾನು ಮೊದಲು ಹೀಟರಿನ ಕರೆಂಟ್ ಪ್ಲಗ್ ಹಾಕ್ಲೇ ಇಲ್ಲ, ಗಾಡಿ ಬಿಸಿ ಆಗೋವರೆಗೂ ಓಡಿಸಿ, ತಣ್ಣಗಾದ್ಮೇಲೆ ಕಮ್ಮಿ ಆದಷ್ಟು ಕೂಲಂಟ್ ಹಾಕಿ, ಆಮೇಲೆ ಕರೆಂಟ್ ಕೊಟ್ಟೆ. ಎರಡು ನಿಮಿಷಕ್ಕೆ ಕಿವಿ ಕೊಟ್ರೆ ಪಾತ್ರೇಲಿ ನೀರು ಕಾಯೋಕೆ ಶುರುವಾದಾಗ ಬರೋ ಸಣ್ಣ ಸುಂಯ್ ಸೌಂಡು, ಖುಷಿ ಆಯ್ತು. ಸೌಂಡ್ ಕೇಳ್ಸಿಲ್ಲ ಅಂದ್ರೆ ಪ್ಲಗ್ ಕಿತ್ತು ಅದರ ಎರಡು ಪಿನ್ ಮಧ್ಯೆ ಮಲ್ಟಿಮೀಟರ್ ಇಡಿ, 230 ವೋಲ್ಟಿನ 500 ವ್ಯಾಟ್ ಹೀಟರ್ ಆದ್ರೆ ಸುಮಾರು 106 ಓಮ್ಸ್ ಬರಬೇಕು, 120 ವೋಲ್ಟಿಂದಾದ್ರೆ 29ರ ಆಸುಪಾಸು. ಏನೂ ತೋರಿಸ್ಲಿಲ್ಲ ಅಂದ್ರೆ ಕಾಯಿಲ್ ಹೋಗಿದೆ ಇಲ್ಲಾ ವೈರ್ ಕಟ್ಟಾಗಿದೆ.

ವೈರಿನ ಕಥೆಗೆ ಬರ್ತೀನಿ. ಫ್ಯಾನು, ಸೈಲೆನ್ಸರ್ ಪೈಪು ಎರಡಕ್ಕೂ ತಾಗದಂಗೆ ಟೈ ಹಾಕಿ ಮುಂದಿನ ಗ್ರಿಲ್‌ವರೆಗೂ ತಂದಿದ್ದೆ, ಅದು ಚೆನ್ನಾಗೇ ಇತ್ತು. ಎಡವಿದ್ದು ಎಕ್ಸ್‌ಟೆನ್ಶನ್ ವೈರಲ್ಲಿ. ಮನೆ ಒಳಗೆ ಬಳಸೋ ಹಳೇದೊಂದು ಇತ್ತು, 500 ವ್ಯಾಟ್ ಏನು ಮಹಾ ಅಂತ ಅದನ್ನೇ ಎಳೆದೆ. ಒಂದಿನ ಬೆಳಿಗ್ಗೆ ಕೀಳೋಕೆ ಹೋದ್ರೆ ಸಾಕೆಟ್ ಬೆಚ್ಚಗಿದೆ, ಒಂದು ಪಿನ್ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದೆ. ಲೋಡ್ ಜಾಸ್ತಿ ಆಗಿದ್ದಲ್ಲ, ಸಾಕೆಟ್ ಸಡಿಲ ಆಗಿ ಕಾಂಟ್ಯಾಕ್ಟ್ ಸರಿ ಇರ್ಲಿಲ್ಲ. ಈಗ ಹೊರಗಡೆ ಬಳಸೋಕೇ ಅಂತ ಬರೋ ದಪ್ಪ ವೈರು, ಅರ್ಥಿಂಗ್ ಇರೋದು, ಸುರುಳಿ ಪೂರ್ತಿ ಬಿಚ್ಚಿ ಹಾಕ್ತೀನಿ, ವಾರಕ್ಕೊಂದ್ಸಲ ಪಿನ್ ಮುಟ್ಟಿ ನೋಡ್ತೀನಿ (ಸ್ವಿಚ್ ಆಫ್ ಮಾಡಿ ಮಾರಾಯ್ರೇ).

ಮೊದಲು ರಾತ್ರಿಯಿಡೀ ಹಾಕಿಡ್ತಿದ್ದೆ, ದಂಡ. ಮೂರು ಗಂಟೆ ಆದ್ಮೇಲೆ ಹೀಟರ್ ಕೊಡೋ ಬಿಸಿ, ಹೊರಗಿನ ಚಳಿ ಕಿತ್ಕೊಳ್ಳೋ ಬಿಸಿ ಹೆಚ್ಚುಕಮ್ಮಿ ಸಮ ಆಗಿಬಿಡುತ್ತೆ. ಹತ್ತು ಗಂಟೆಗೆ 5 ಯೂನಿಟ್, ಮೂರು ಗಂಟೆಗೆ ಒಂದೂವರೆ, ಹಂಗಾಗಿ ಟೈಮರ್ ಹಾಕಿ ಹೊರಡೋ ಮೂರು ಗಂಟೆ ಮುಂಚೆ ಆನ್ ಆಗೋ ಹಾಗೆ ಮಾಡಿದೀನಿ. ಈಗ ಎರಡೇ ಸುತ್ತಿಗೆ ಸ್ಟಾರ್ಟ್, ಗಾಡಿ ಒಳಗೆ ಕೂತೋರಿಗೆ ಬಿಸಿ ಕೊಡೋ ಹೀಟರಲ್ಲೂ ಬೇಗ ಬಿಸಿ ಗಾಳಿ ಬರುತ್ತೆ, ಗ್ಲಾಸ್ ಮೇಲಿನ ಹಿಮ ಕೆರೆಯೋದು ಕಮ್ಮಿ ಆಯ್ತು.

ಇಷ್ಟೆಲ್ಲಾ ಆದ್ಮೇಲೂ ಒಂದಿನ ಜಮ್ಮಂತ ಸ್ಟಾರ್ಟ್ ಆಗಿ, ಸ್ವಲ್ಪ ದೂರ ಹೋಗಿ ಕೆಮ್ಮಿ ನಿಂತೇಬಿಡ್ತು. ಬಾನೆಟ್ ಎತ್ತಿದ್ರೆ ಬ್ಲಾಕ್ ಬೆಚ್ಚಗಿದೆ, ಫಿಲ್ಟರ್ ಬಿಚ್ಚಿದ್ರೆ ಒಳಗೆ ಡೀಸೆಲ್ ಮೇಣದ ಥರ ಬಿಳಿಬಿಳಿಯಾಗಿ ಕಟ್ಕೊಂಡಿದೆ. ಹೀಟರ್ ಕಾಯಿಸೋದು ಕೂಲಂಟನ್ನ, ಟ್ಯಾಂಕಲ್ಲಿರೋ ಡೀಸೆಲ್‌ನ ಅಲ್ಲ. ಟ್ಯಾಂಕಲ್ಲಿ ಬೇಸಿಗೇಲಿ ತುಂಬಿಸಿದ್ದ ಡೀಸೆಲ್ಲೇ ಇನ್ನೂ ಅರ್ಧ ಇತ್ತು, ಅದು ಇಂಥ ಚಳಿಗೆ ಹೀಗೇ ಮೇಣ ಕಟ್ಟುತ್ತೆ.